ಬೈಪೋಲಾರ್ ಮೂಡ್ ಏರಿಳಿತ ಗುರುತಿಸುವುದು ಹೇಗೆ? ರೋಗಿಗೂ ಮನೆಯವರಿಗೂ ಸಮಗ್ರ ಮಾರ್ಗದರ್ಶಿ

ಬೈಪೋಲಾರ್ ಅಂದರೆ ಮನಸ್ಸು ಕೆಲಕಾಲ ಅತಿ ಹುರುಪಿಗೆ ಏರುವ, ಕೆಲಕಾಲ ಖಿನ್ನತೆಗೆ ಇಳಿಯುವ ಕಾಯಿಲೆ. ಅದು ಇರುವವರು ತಾವಾಗಿಯೇ ವೈದ್ಯರ ಬಳಿ ಹೋಗುವುದು ಬಹುಪಾಲು ಖಿನ್ನತೆ ಕವಿದಾಗ. ಹುರುಪು ಉಕ್ಕುತ್ತಿರುವಾಗ ಆಸ್ಪತ್ರೆಯ ನೆನಪೇ ಆಗುವುದಿಲ್ಲ. 'ಇಷ್ಟು ಚೆನ್ನಾಗಿ ನಾನು ಯಾವತ್ತೂ ಇರಲಿಲ್ಲ' ಅನ್ನಿಸುವ ಹೊತ್ತು ಅದು. ಹೀಗಾಗಿ ವೈದ್ಯರಿಗೆ ಕಾಣುವುದು ಕಾಯಿಲೆಯ ಒಂದೇ ಮಗ್ಗುಲು. ಬರೀ ಡಿಪ್ರೆಶನ್ ಎಂದುಕೊಂಡು ಚಿಕಿತ್ಸೆ ಶುರುವಾಗುತ್ತದೆ, ಕಾಯಿಲೆಗೆ ಸರಿಯಾದ ಹೆಸರು ಸಿಗುವಷ್ಟರಲ್ಲಿ ವರ್ಷಗಳೇ ಕಳೆದಿರುತ್ತವೆ. ಖಿನ್ನತೆ ಹೇಗೋ ಕಣ್ಣಿಗೆ ಬೀಳುತ್ತದೆ. ತಪ್ಪಿಹೋಗುವುದು ಏರಿನ ದಿನಗಳು, ಅದರಲ್ಲೂ ಸಣ್ಣ ಏರು. ಇಲ್ಲಿ ಹೆಚ್ಚು ಜಾಗ ಅದಕ್ಕೇ ಕೊಟ್ಟಿದ್ದೇವೆ.

ಮೊದಲೇ ಹೇಳಿಬಿಡುತ್ತೇವೆ: ಇದು ಗಮನಿಸುವ, ಬರೆದಿಡುವ ಕ್ರಮ ಅಷ್ಟೇ. ಕಾಯಿಲೆ ಇದೆಯೋ ಇಲ್ಲವೋ ಎಂದು ತೀರ್ಮಾನಿಸುವುದು ಮನೋವೈದ್ಯರ ಕೆಲಸ.

ಎಷ್ಟು ದಿನ ಎಂಬುದೇ ಮೊದಲ ಪ್ರಶ್ನೆ

ಬೆಳಿಗ್ಗೆ ನಗು, ಸಂಜೆ ಸಿಡುಕು ಇರುವವರನ್ನು ಕಂಡು 'ಇವನಿಗೆ ಬೈಪೋಲಾರ್' ಅನ್ನುವುದು ಈಗ ರೂಢಿಯಾಗಿಬಿಟ್ಟಿದೆ. ಗಂಟೆಗೊಮ್ಮೆ ಬದಲಾಗುವ ಮನಸ್ಸಿಗೆ ಬೇರೆ ಕಾರಣಗಳು ಬೇಕಾದಷ್ಟಿವೆ. ಬೈಪೋಲಾರ್‌ನಲ್ಲಿ ಏರಾಗಲಿ ಇಳಿತವಾಗಲಿ ದಿನಗಟ್ಟಲೆ, ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಕೂತುಬಿಡುತ್ತದೆ. ದಿನದ ಬಹುಭಾಗ, ಹೆಚ್ಚುಕಡಿಮೆ ಪ್ರತಿದಿನ. ಮನೋವೈದ್ಯರು ಬಳಸುವ ಡಿಎಸ್‌ಎಂ-5 ಕೈಪಿಡಿಯ ಲೆಕ್ಕ ಹೀಗಿದೆ:

• ಮೇನಿಯಾ, ಅಂದರೆ ಉನ್ಮಾದ: ಕನಿಷ್ಠ 1 ವಾರ. ಆಸ್ಪತ್ರೆಗೆ ಸೇರಿಸಲೇಬೇಕಾದ ಸ್ಥಿತಿಯಾದರೆ ದಿನಗಳ ಲೆಕ್ಕ ಬೇಕಿಲ್ಲ.
• ಹೈಪೋಮೇನಿಯಾ, ಅಂದರೆ ಸಣ್ಣ ಏರು: ಕನಿಷ್ಠ ಸತತ 4 ದಿನ. ಬದಲಾವಣೆ ಬೇರೆಯವರ ಕಣ್ಣಿಗೂ ಬೀಳಬೇಕು, ಆದರೆ ಕೆಲಸ, ಸಂಸಾರ ಕುಸಿದುಬೀಳುವಷ್ಟಿರುವುದಿಲ್ಲ.
• ಖಿನ್ನತೆ: ಕನಿಷ್ಠ 2 ವಾರ.

ಜೀವನದಲ್ಲಿ ಒಮ್ಮೆ ಪೂರ್ತಿ ಮೇನಿಯಾ ಬಂದಿದ್ದರೂ ಅದು ಟೈಪ್ 1. ಹೈಪೋಮೇನಿಯಾ ಮತ್ತು ದೊಡ್ಡ ಖಿನ್ನತೆ ಎರಡೂ ಬಂದಿದ್ದು, ಮೇನಿಯಾ ಎಂದೂ ಬಂದಿಲ್ಲವಾದರೆ ಟೈಪ್ 2. ಟೈಪ್ 2 ಅಂದರೆ ಸೌಮ್ಯವಾದದ್ದು ಎಂದುಕೊಳ್ಳುವವರಿದ್ದಾರೆ. ಅದರ ಖಿನ್ನತೆಯ ಕಾಲ ಎಷ್ಟು ದೀರ್ಘ ಎಂದು ಗೊತ್ತಿದ್ದವರು ಹಾಗೆ ಹೇಳುವುದಿಲ್ಲ. 'ರ‍್ಯಾಪಿಡ್ ಸೈಕ್ಲಿಂಗ್' ಎಂಬ ಮಾತು ಕೇಳಿ ದಿನಕ್ಕೆ ನಾಲ್ಕು ಸಲ ಎಂದುಕೊಳ್ಳುವುದೂ ಉಂಟು. ಅದರ ಅರ್ಥ 12 ತಿಂಗಳಲ್ಲಿ 4 ಅಥವಾ ಹೆಚ್ಚು ಸಲ ಏರೋ ಇಳಿತವೋ ಬರುವುದು.

ಹಂತ 1: ಮಾಮೂಲಿ ದಿನ ಹೇಗಿರುತ್ತದೆ ಎಂದು ಬರೆದುಕೊಳ್ಳಿ

ಹುಟ್ಟಾ ಮಾತುಗಾರರೊಬ್ಬರು ಹೆಚ್ಚು ಮಾತಾಡಿದರೆ ಅದರಲ್ಲೇನೂ ಇಲ್ಲ. ಕೇಳಿದಷ್ಟಕ್ಕೆ ಮಾತ್ರ ಉತ್ತರಿಸುವವರು ದಿಢೀರನೆ ಮಾತಿನ ಮಳೆ ಸುರಿಸಿದರೆ ನಿಂತು ನೋಡಬೇಕು. ಅಳತೆಗೋಲು ಆ ವ್ಯಕ್ತಿಯದೇ ಆಗಿರಬೇಕು, ಪಕ್ಕದವರದ್ದಲ್ಲ. ಆರೋಗ್ಯ ಸರಿಯಿರುವ ಕಾಲದಲ್ಲಿ ಕೂತು ಇಷ್ಟನ್ನು ಒಂದು ಹಾಳೆಯಲ್ಲಿ ಬರೆದಿಡಿ: ಎಷ್ಟು ಗಂಟೆಗೆ ಮಲಗುವುದು, ಏಳುವುದು, ದಿನಕ್ಕೆ ಸುಮಾರು ಎಷ್ಟು ಫೋನ್ ಕರೆ, ವಾರದ ಖರ್ಚು ಎಷ್ಟು, ಎಂಥ ವಿಷಯಕ್ಕೆ ಕೋಪ ಬರುತ್ತದೆ, ಎಷ್ಟು ಹೊತ್ತಿಗೆ ಇಳಿಯುತ್ತದೆ, ಊಟ, ವ್ಯಾಯಾಮ, ಕುಡಿತ ಎಷ್ಟು. ಸಾಧ್ಯವಾದ ಕಡೆಯಲ್ಲೆಲ್ಲ ಅಂಕಿಯಲ್ಲೇ ಬರೆಯಿರಿ. 'ಚೆನ್ನಾಗಿ ನಿದ್ದೆ ಮಾಡ್ತಾನೆ' ಅನ್ನುವುದು ಆರು ತಿಂಗಳ ನಂತರ ಯಾವ ಉಪಯೋಗಕ್ಕೂ ಬರುವುದಿಲ್ಲ.

ಹಂತ 2: ನಿದ್ದೆಯ ಮೇಲೆ ಕಣ್ಣಿಡಿ

ಒಂದೇ ಒಂದು ಲಕ್ಷಣವನ್ನು ಗಮನಿಸಲು ಸಮಯವಿದೆ ಎಂದಾದರೆ ನಿದ್ದೆಯನ್ನು ಗಮನಿಸಿ. ಆದರೆ ಇಲ್ಲಿ ಎರಡು ಬೇರೆ ಬೇರೆ ಸಂಗತಿಗಳು ಒಂದೇ ಥರ ಕಾಣುತ್ತವೆ. ಚಿಂತೆಯಲ್ಲಿರುವವರಿಗೆ, ಖಿನ್ನತೆಯಲ್ಲಿರುವವರಿಗೆ ನಿದ್ದೆ ಬರುವುದಿಲ್ಲ. ಮರುದಿನ ಕಣ್ಣುರಿ, ಸುಸ್ತು, ಆಕಳಿಕೆ. ಏರಿನಲ್ಲಿರುವವರಿಗೆ ನಿದ್ದೆ ಬೇಕಾಗುವುದೇ ಇಲ್ಲ. 3 ಗಂಟೆ ಮಲಗಿ ಎದ್ದು ಪೂರ್ತಿ ವಿಶ್ರಾಂತಿ ಸಿಕ್ಕವರ ಹಾಗೆ ಕೆಲಸಕ್ಕೆ ನಿಲ್ಲುತ್ತಾರೆ. ಆದ್ದರಿಂದ 'ರಾತ್ರಿ ಎಷ್ಟು ಹೊತ್ತು ಮಲಗಿದೆ?' ಎಂದು ಕೇಳಿ ಬಿಡಬೇಡಿ, 'ಇವತ್ತು ಹಗಲು ಸುಸ್ತಾಯಿತಾ?' ಎಂದೂ ಕೇಳಿ. ಸುಳಿವು ಇರುವುದು ಎರಡನೆಯ ಉತ್ತರದಲ್ಲಿ.

ನಿದ್ದೆ ಕೆಡುವುದು ಲಕ್ಷಣವೂ ಹೌದು, ಕಾರಣವೂ ಹೌದು. ರಾತ್ರಿ ಪಾಳಿ, ರಾತ್ರಿಯಿಡೀ ಪ್ರಯಾಣ, ಬೇರೆ ಕಾಲವಲಯಕ್ಕೆ ವಿಮಾನ ಯಾನ, ಹಸುಗೂಸಿನ ಆರೈಕೆ, ಪರೀಕ್ಷೆಗೆ ನಿದ್ದೆಗೆಟ್ಟು ಓದುವುದು ಇವೆಲ್ಲ ಈ ಪ್ರವೃತ್ತಿ ಇರುವವರಲ್ಲಿ ಏರನ್ನು ಶುರು ಮಾಡಿಬಿಡಬಲ್ಲವು. ಇಂಥವು ಮುಂಚೆಯೇ ಗೊತ್ತಿದ್ದರೆ ವೈದ್ಯರಿಗೆ ಮೊದಲೇ ಹೇಳಿ. ಆಮೇಲಿನ ಎರಡು ವಾರ ಮೈಯೆಲ್ಲ ಕಣ್ಣಾಗಿರಿ.

ಹಂತ 3: ಏರಿನ ಲಕ್ಷಣಗಳನ್ನು ಬಿಡಿಬಿಡಿಯಾಗಿ ನೋಡಿ

ಮೇನಿಯಾ ಎನ್ನಬೇಕಾದರೆ ಮೂಡ್ ಉಕ್ಕುವುದು ಮತ್ತು ಶಕ್ತಿ, ಚಟುವಟಿಕೆ ಹೆಚ್ಚುವುದು ಎರಡೂ ಒಟ್ಟಿಗೆ ಇರಬೇಕು. ಜೊತೆಗೆ ಏಳು ಲಕ್ಷಣಗಳಲ್ಲಿ ಕನಿಷ್ಠ ಮೂರು. ಖುಷಿಯೇ ಇಲ್ಲದೆ ಬರೀ ಸಿಡುಕು ಇದ್ದರೆ ನಾಲ್ಕು. ಹೈಪೋಮೇನಿಯಾದಲ್ಲೂ ಇವೇ ಲಕ್ಷಣ, ತೀವ್ರತೆ ಕಡಿಮೆ. ನಿದ್ದೆಯ ಮಾತು ಆಯಿತು, ಉಳಿದವು ಮನೆಯಲ್ಲಿ ಹೀಗೆ ಕಾಣುತ್ತವೆ.

ಮಾತು: ವೇಗ ಹೆಚ್ಚುತ್ತದೆ, ದನಿ ಏರುತ್ತದೆ, ನಡುವೆ ಬಾಯಿ ಹಾಕಲು ಸಂದು ಸಿಗುವುದಿಲ್ಲ. ವರ್ಷಗಳಿಂದ ಮಾತಿಲ್ಲದವರಿಗೂ ಫೋನ್ ಹೋಗುತ್ತದೆ. ರಾತ್ರಿ 2 ಗಂಟೆಗೆ ಉದ್ದುದ್ದ ವಾಯ್ಸ್ ಮೆಸೇಜ್‌ಗಳು ಬಂದಿದ್ದರೆ ಅವುಗಳ ಸಮಯವೇ ಸಾಕ್ಷಿ.

ಯೋಚನೆ: ಒಂದರಿಂದ ಇನ್ನೊಂದಕ್ಕೆ ಹಾರುತ್ತದೆ. ಕೇಳುವವರಿಗೆ ಕೊಂಡಿ ಸಿಗುವುದಿಲ್ಲ, ಅಥವಾ ಪ್ರಾಸದಿಂದಲೋ ಪಕ್ಕದಲ್ಲಿ ಕಂಡ ವಸ್ತುವಿನಿಂದಲೋ ಸಿಗುತ್ತದೆ. 'ತಲೆಯಲ್ಲಿ ಯೋಚನೆಗಳು ಓಡ್ತಿವೆ, ಹಿಡಿಯೋಕೆ ಆಗ್ತಿಲ್ಲ' ಎಂದು ಅವರೇ ಹೇಳಬಹುದು.

ಗಮನ: ಗೋಡೆಯ ಗಡಿಯಾರದ ಸದ್ದು, ಹೊರಗಿನ ಹಾರ್ನ್, ಎದುರಿನವರ ಅಂಗಿಯ ಗುಂಡಿ ಎಲ್ಲವೂ ಎಳೆಯುತ್ತವೆ.

ಕೆಲಸ: ಒಂದೇ ವಾರದಲ್ಲಿ ನಾಲ್ಕು ಯೋಜನೆ ಆರಂಭ, ಒಂದೂ ಮುಗಿಯುವುದಿಲ್ಲ. ಸಣ್ಣ ಏರಿನಲ್ಲಿ ಕೆಲವು ಮುಗಿಯುವುದೂ ಉಂಟು, ಮೆಚ್ಚುಗೆಯೂ ಸಿಗುತ್ತದೆ. ಹೈಪೋಮೇನಿಯಾವನ್ನು ಯಾರೂ ಕಾಯಿಲೆ ಎನ್ನದಿರುವುದು ಈ ಕಾರಣಕ್ಕೇ.

ತನ್ನ ಬಗೆಗಿನ ಭಾವ: ಸಣ್ಣ ಏರಿನಲ್ಲಿ 'ನನಗೆ ಯಾರೂ ಸಾಟಿಯಿಲ್ಲ' ಅನ್ನುವಷ್ಟು. ಮೇನಿಯಾ ಬಲಿತರೆ ವಿಶೇಷ ಶಕ್ತಿ ಬಂದಿದೆ, ದೇವರು ನೇರವಾಗಿ ಮಾತಾಡುತ್ತಾನೆ ಎಂಬ ಭ್ರಮೆಯವರೆಗೆ. ಭ್ರಮೆಯೋ ಇಲ್ಲದ ದನಿ ಕೇಳುವುದೋ ಬಂದರೆ ಅದು ಹೈಪೋಮೇನಿಯಾದ ಗಡಿ ದಾಟಿದೆ, ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು.

ಅಪಾಯದ ಕೆಲಸ: ಕೈಮೀರಿದ ಖರ್ಚು, ಸಾಲ, ಜೂಜು, ಯೋಚಿಸದ ಹೂಡಿಕೆ, ಮಾಮೂಲಿಗಿಂತ ಹೆಚ್ಚಿದ ಲೈಂಗಿಕ ಸಾಹಸ, ಅತಿವೇಗದ ಚಾಲನೆ, ಕೈಯಲ್ಲಿದ್ದ ಕೆಲಸಕ್ಕೆ ಹಠಾತ್ ರಾಜೀನಾಮೆ.

ಈಗ ಸಿಡುಕಿನ ಮಾತು. ಏರು ಅಂದರೆ ನಗುನಗುತ್ತಾ ಇರುವುದು ಎಂಬ ಕಲ್ಪನೆಯಿಂದಲೇ ಅನೇಕರು ಮೋಸಹೋಗುತ್ತಾರೆ. ಎಷ್ಟೋ ಜನರಲ್ಲಿ ಅದು ಬರುವುದು ಕೋಪವಾಗಿ. 'ನಿಮಗೆಲ್ಲ ಯಾಕೆ ಇಷ್ಟು ನಿಧಾನ?' ಎಂಬ ಅಸಹನೆ, ತಡೆದವರ ಮೇಲೆ ಹರಿಹಾಯುವುದು, ಹಳೆಯ ಜಗಳಗಳನ್ನು ಕೆದಕುವುದು. ಮನೆಯವರು ಇದನ್ನು ಅಹಂಕಾರ ಎನ್ನುತ್ತಾರೆ, ಕಚೇರಿಯವರು ಶಿಸ್ತಿನ ಸಮಸ್ಯೆ ಎನ್ನುತ್ತಾರೆ. ಕೋಪದ ಜೊತೆ ನಿದ್ದೆಯೂ ಕಡಿಮೆಯಾಗಿದೆಯೇ, ಮಾತಿನ ವೇಗ ಹೆಚ್ಚಿದೆಯೇ ನೋಡಿ. ಮೂರೂ ಒಂದೇ ವಾರ ಶುರುವಾಗಿದ್ದರೆ ಸ್ವಭಾವ ಎಂದು ತಳ್ಳಿಹಾಕಬೇಡಿ.

ಹಾಗಾದರೆ ನಿಜವಾದ ಸಂತೋಷ ಯಾವುದು? ಒಳ್ಳೆಯ ಸುದ್ದಿ ಬಂದಾಗಿನ ಖುಷಿಗೆ ಕಾರಣವಿರುತ್ತದೆ, ನಾಲ್ಕು ದಿನಕ್ಕೆ ತಾನಾಗಿ ಹದಕ್ಕೆ ಬರುತ್ತದೆ, ರಾತ್ರಿ ನಿದ್ದೆ ಬರುತ್ತದೆ, 'ಸ್ವಲ್ಪ ಸಾವಧಾನ' ಎಂದರೆ ಕಿವಿಗೊಡುತ್ತಾರೆ. ಏರಿನ ಖುಷಿ ಕಾರಣ ಮುಗಿದ ಮೇಲೂ ಹೆಚ್ಚುತ್ತಲೇ ಹೋಗುತ್ತದೆ, ಅಡ್ಡ ಬಂದರೆ ಕ್ಷಣದಲ್ಲಿ ಕೋಪಕ್ಕೆ ತಿರುಗುತ್ತದೆ.

ಹಂತ 4: ಇಳಿತ ಬಂದಾಗ, ಅದು ಎಂಥ ಇಳಿತ?

ಖಿನ್ನತೆಯ ಪಟ್ಟಿಯಲ್ಲಿ ಒಂಬತ್ತು ಲಕ್ಷಣಗಳು: ಬೇಸರ, ಯಾವುದರಲ್ಲೂ ಆಸಕ್ತಿಯಿಲ್ಲದಿರುವುದು, ಹಸಿವು ಅಥವಾ ತೂಕದ ಏರುಪೇರು, ನಿದ್ದೆಯ ಏರುಪೇರು, ಚಡಪಡಿಕೆ ಅಥವಾ ಮಂದಗತಿ, ಸುಸ್ತು, ತಾನು ನಿಷ್ಪ್ರಯೋಜಕ ಎಂಬ ಭಾವ, ಏಕಾಗ್ರತೆಯ ಕೊರತೆ, ಸಾವಿನ ಯೋಚನೆ. ಎರಡು ವಾರ ಐದು ಲಕ್ಷಣ, ಅದರಲ್ಲಿ ಮೊದಲೆರಡರಲ್ಲಿ ಒಂದಾದರೂ ಇರಬೇಕು.

ಬರೀ ಡಿಪ್ರೆಶನ್ ಆದರೂ ಬೈಪೋಲಾರ್‌ನ ಇಳಿತವಾದರೂ ಲಕ್ಷಣ ಇವೇ. ಲಕ್ಷಣ ನೋಡಿ ಎರಡನ್ನೂ ಬೇರ್ಪಡಿಸಲಾಗದು. ಆದರೂ ಕೆಲವು ಗುರುತುಗಳು ಅನುಮಾನ ಹುಟ್ಟಿಸಬೇಕು. ಮೊದಲ ಖಿನ್ನತೆ 25 ವರ್ಷದೊಳಗೇ ಬಂದಿರುವುದು. ಮತ್ತೆ ಮತ್ತೆ ಬರುವುದು. ನಿದ್ದೆ, ಹಸಿವು ಕಡಿಮೆಯಾಗುವ ಬದಲು ಅತಿಯಾಗುವುದು. ಹಾಸಿಗೆ ಬಿಟ್ಟು ಏಳದೆ 12 ಗಂಟೆ ಮಲಗುವುದು, ಕೈಕಾಲು ಸೀಸದಷ್ಟು ಭಾರ ಅನ್ನಿಸುವುದು. ಖಿನ್ನತೆಯ ಜೊತೆ ಭ್ರಮೆ ಸೇರಿಕೊಳ್ಳುವುದು. ಹೆರಿಗೆಯ ಬೆನ್ನಿಗೇ ಶುರುವಾಗುವುದು. ರಕ್ತಸಂಬಂಧಿಗಳಲ್ಲಿ ಬೈಪೋಲಾರ್ ಇರುವುದು. ಸಾಮಾನ್ಯ ಜನರಲ್ಲಿ ನೂರಕ್ಕೆ ಒಬ್ಬರಿಗೆ ಬರಬಹುದಾದ ಕಾಯಿಲೆ ತಂದೆ, ತಾಯಿ, ಒಡಹುಟ್ಟಿದವರಿಗಿದ್ದರೆ ಹಲವು ಪಟ್ಟು ಹೆಚ್ಚು ಸಾಧ್ಯ. ಕೊನೆಯದು ಬಹಳ ಮುಖ್ಯ: ಡಿಪ್ರೆಶನ್ ಮಾತ್ರೆ ಶುರು ಮಾಡಿದ ಕೆಲವೇ ವಾರಗಳಲ್ಲಿ ನಿದ್ದೆ ಹಾರಿಹೋಗಿ ಹುರುಪೋ ಸಿಡುಕೋ ಉಕ್ಕಿದ್ದರೆ ಆ ತಾರೀಕು ಬರೆದಿಟ್ಟು ಕೂಡಲೇ ವೈದ್ಯರಿಗೆ ತಿಳಿಸಿ. ಬೈಪೋಲಾರ್ ಇರುವವರಿಗೆ ಡಿಪ್ರೆಶನ್ ಮಾತ್ರೆಯನ್ನಷ್ಟೇ ಕೊಟ್ಟರೆ ಮೇನಿಯಾಕ್ಕೆ ತಿರುಗುವ ಸಾಧ್ಯತೆ ಇದೆ.

ಹಂತ 5: ಎರಡೂ ಬೆರೆತಾಗ

ಏರು ಬೇರೆ, ಇಳಿತ ಬೇರೆ ಎಂದು ಕಾಯಿಲೆ ಗೆರೆ ಹಾಕಿಕೊಂಡು ಬರುವುದಿಲ್ಲ. ಮನಸ್ಸು ಕುಸಿದಿದೆ, ಬದುಕೇ ಬೇಡವಾಗಿದೆ, ಆದರೆ ಯೋಚನೆ ಓಡುತ್ತಿದೆ, ಕೂತಲ್ಲಿ ಕೂರಲಾಗುತ್ತಿಲ್ಲ, ರಾತ್ರಿಯಿಡೀ ಶತಪಥ. ಇದು ಮಿಶ್ರ ಸ್ಥಿತಿ. ಬರೀ ಖಿನ್ನತೆಯಲ್ಲಿ ಏನು ಮಾಡಲೂ ಶಕ್ತಿ ಇರುವುದಿಲ್ಲ. ಇಲ್ಲಿ ಹತಾಶೆಗೆ ಶಕ್ತಿಯೂ ಸೇರಿರುತ್ತದೆ. ಆತ್ಮಹತ್ಯೆಯ ಅಪಾಯ ಈ ಸ್ಥಿತಿಯಲ್ಲಿ ಹೆಚ್ಚು. 'ಅಳುತ್ತಾನೆ, ಆದರೆ ಓಡಾಡಿಕೊಂಡಿದ್ದಾನಲ್ಲ, ಪರವಾಗಿಲ್ಲ' ಎಂದು ಸುಮ್ಮನಾಗಬೇಡಿ.

ಹಂತ 6: ದಿನದ ಚಾರ್ಟ್

ರಾತ್ರಿ ಮಲಗುವ ಮುಂಚೆ ಎರಡು ನಿಮಿಷದ ಕೆಲಸ. ನೋಟ್‌ಬುಕ್ ಆದೀತು, ಮೊಬೈಲ್ ಆ್ಯಪ್ ಆದರೂ ಸರಿ. ಮೂಡ್ ಮತ್ತು ಶಕ್ತಿಗೆ -3ರಿಂದ +3ರವರೆಗೆ ಅಂಕ, 0 ಅಂದರೆ ಹಂತ 1ರಲ್ಲಿ ಬರೆದ ಮಾಮೂಲಿ ದಿನ. ಸಿಡುಕಿಗೆ 0ಯಿಂದ 3. ಹಿಂದಿನ ರಾತ್ರಿಯ ನಿದ್ದೆ ಗಂಟೆಗಳಲ್ಲಿ. ಮಾತ್ರೆ ತೆಗೆದುಕೊಂಡದ್ದು, ಬಿಟ್ಟದ್ದು, ಕುಡಿತ, ಮುಟ್ಟಿನ ದಿನ, ಮುಖ್ಯ ಘಟನೆ ಒಂದು ಸಾಲಿನಲ್ಲಿ. ಜೊತೆಗಿರುವವರು ಹಾಕುವ ಅಂಕಕ್ಕೆ ಇನ್ನೊಂದು ಕಾಲಂ. ಉದಾಹರಣೆಗೆ:

ಸೋಮವಾರ: ನಿದ್ದೆ 7, ಮೂಡ್ 0, ಶಕ್ತಿ 0, ಸಿಡುಕು 0. ಮನೆಯವರ ಅಂಕ 0.
ಮಂಗಳವಾರ: ನಿದ್ದೆ 6, ಮೂಡ್ +1, ಶಕ್ತಿ +1, ಸಿಡುಕು 0. ಹಳೆಯ ಸ್ನೇಹಿತರಿಗೆಲ್ಲ ಫೋನ್. ಮನೆಯವರ ಅಂಕ +1.
ಬುಧವಾರ: ನಿದ್ದೆ 4.5, ಮೂಡ್ +1, ಶಕ್ತಿ +2, ಸಿಡುಕು 1. ರಾತ್ರಿ 1ರವರೆಗೆ ಕಪಾಟು ಜೋಡಿಸಿದ್ದು, ಸುಸ್ತಿಲ್ಲ. ಮನೆಯವರ ಅಂಕ +2.
ಗುರುವಾರ: ನಿದ್ದೆ 4, ಮೂಡ್ +1, ಶಕ್ತಿ +2, ಸಿಡುಕು 2. ಮನೆಯವರ ಅಂಕ +2.

ಮೂಡ್ ಕಾಲಂ ಒಂದನ್ನೇ ನೋಡಿದರೆ ಇಲ್ಲಿ ಏನೂ ಆಗಿಲ್ಲ, ಮೂರು ದಿನವೂ +1. ಆದರೆ ನಿದ್ದೆ 3 ಗಂಟೆ ಇಳಿದಿದೆ, ಶಕ್ತಿ ಏರಿದೆ, ಮನೆಯವರ ಅಂಕ ರೋಗಿಯ ಅಂಕಕ್ಕಿಂತ ಮೇಲೆ ಹೋಗಿದೆ. ಮೂಡ್ ಕಾಲಂ ಹೀಗೆ ಕೈಕೊಡುತ್ತದೆ, ಏಕೆಂದರೆ ಏರಿನಲ್ಲಿರುವವರಿಗೆ ಅದೇ ಸಹಜ ಅನ್ನಿಸತೊಡಗುತ್ತದೆ. ನಾವು ಹೇಳುವ ಗಡಿ ಇಷ್ಟು: ಸುಸ್ತಿಲ್ಲದೆ ನಿದ್ದೆ ಮಾಮೂಲಿಗಿಂತ 2 ಗಂಟೆ ಕಡಿಮೆ, ಅದೂ ಸತತ ಎರಡು ರಾತ್ರಿ ಆದರೆ ವೈದ್ಯರಿಗೆ ಫೋನ್. ನಾಲ್ಕನೆಯ ದಿನದವರೆಗೆ ಕಾಯಬೇಡಿ. 4 ದಿನ, 7 ದಿನ ಎಂಬವು ಕಾಯಿಲೆಗೆ ಹೆಸರಿಡುವ ಗಡಿಗಳು, ಸಹಾಯ ಕೇಳುವುದಕ್ಕಲ್ಲ.

ಚಾರ್ಟ್ ಕೆಡುವುದು ಎರಡು ಕಡೆ. ವಾರದ ಕೊನೆಗೆ ನೆನಪಿನಿಂದ ಏಳು ದಿನ ತುಂಬಿಸಿದರೆ ಆವತ್ತಿನ ಮೂಡ್ ಏಳೂ ದಿನಕ್ಕೆ ಬಣ್ಣ ಬಳಿಯುತ್ತದೆ. ಇನ್ನೊಂದು, ಏರು ಬಂದಾಗ 'ಇನ್ನು ಇದರ ಅಗತ್ಯವಿಲ್ಲ' ಎಂದು ಬರೆಯುವುದನ್ನೇ ನಿಲ್ಲಿಸುತ್ತಾರೆ. ಖಾಲಿ ಬಿದ್ದ ಸಾಲೂ ಒಂದು ಸೂಚನೆಯೇ.

ಹಂತ 7: ಹಿಂದಿನ ವರ್ಷಗಳನ್ನು ಒಂದು ಗೆರೆಯ ಮೇಲೆ ಹಾಕಿ

ಏರನ್ನೂ ಇಳಿತವನ್ನೂ ಒಂದೇ ಕಾಯಿಲೆಯಾಗಿ 1899ರಲ್ಲಿ ವರ್ಗೀಕರಿಸಿದ ಜರ್ಮನ್ ವೈದ್ಯ ಎಮಿಲ್ ಕ್ರೇಪೆಲಿನ್ ಆಧಾರ ಮಾಡಿಕೊಂಡದ್ದು ಆ ಕ್ಷಣದ ಲಕ್ಷಣಗಳಿಗಿಂತ ಹೆಚ್ಚಾಗಿ ಕಾಯಿಲೆ ವರ್ಷಗಟ್ಟಲೆ ಹಿಡಿದ ಹಾದಿಯನ್ನು. ಇವತ್ತಿಗೂ ಆ ವಿಧಾನಕ್ಕೆ ಬದಲಿಯಿಲ್ಲ. ರಕ್ತಪರೀಕ್ಷೆಯಲ್ಲೋ ಸ್ಕ್ಯಾನ್‌ನಲ್ಲೋ ಬೈಪೋಲಾರ್ ಕಾಣುವುದಿಲ್ಲ.

ಅಡ್ಡ ಗೆರೆ ಎಳೆದು ವಯಸ್ಸು ಗುರುತಿಸಿ. ಏರು ಮೇಲೆ, ಇಳಿತ ಕೆಳಗೆ. ನೆನಪು ಕೈಕೊಟ್ಟಲ್ಲಿ ಕಾಗದಪತ್ರ ಹುಡುಕಿ: ಬ್ಯಾಂಕ್ ಸ್ಟೇಟ್‌ಮೆಂಟ್‌ನಲ್ಲಿ ಖರ್ಚು ಉಬ್ಬಿದ ತಿಂಗಳು, ಕೆಲಸ ಬಿಟ್ಟ ತಾರೀಕು, ಪರೀಕ್ಷೆಗೆ ಕೂರದ ವರ್ಷ, ಮಧ್ಯರಾತ್ರಿಯ ಮೆಸೇಜ್‌ಗಳು. ಕಾಯಿಲೆ ಸಾಮಾನ್ಯವಾಗಿ ಹದಿಹರೆಯದ ಕೊನೆಯಿಂದ ಇಪ್ಪತ್ತರ ದಶಕದೊಳಗೆ ತಲೆಯೆತ್ತುವುದರಿಂದ ಆ ವರ್ಷಗಳನ್ನು ಚೆನ್ನಾಗಿ ಕೆದಕಿ. 'ಯಾವತ್ತಾದರೂ ಅತಿ ಖುಷಿಯಾಗಿದ್ದೆಯಾ?' ಎಂದು ಕೇಳಿದರೆ 'ಇಲ್ಲ' ಎನ್ನುತ್ತಾರೆ. 'ಕಡಿಮೆ ಮಲಗಿಯೂ ಸುಸ್ತಾಗದೆ ಓಡಾಡಿದ ಕಾಲ ಇತ್ತಾ?' ಎಂದು ಕೇಳಿ, ಉತ್ತರ ಬೇರೆಯೇ ಬರುತ್ತದೆ.

ಎಂಡಿಕ್ಯೂ ಎಂಬ 13 ಪ್ರಶ್ನೆಗಳ ಪಟ್ಟಿಯನ್ನೂ ವೈದ್ಯರು ಬಳಸುತ್ತಾರೆ. 7 ಅಥವಾ ಹೆಚ್ಚು 'ಹೌದು', ಅವು ಒಂದೇ ಕಾಲದಲ್ಲಿ ಆಗಿರುವುದು, ಅವುಗಳಿಂದ ಬದುಕಿಗೆ ತಕ್ಕಮಟ್ಟಿನ ತೊಂದರೆಯಾಗಿರುವುದು, ಮೂರೂ ಕೂಡಿದರೆ ಮುಂದಿನ ತಪಾಸಣೆ ಬೇಕು ಎಂದಷ್ಟೇ ಅರ್ಥ. ಸಣ್ಣ ಏರುಗಳು ಇದರ ಜಾಲದಿಂದ ನುಸುಳಿಹೋಗುವುದುಂಟು.

ಹಂತ 8: ಬೈಪೋಲಾರ್‌ನಂತೆಯೇ ಕಾಣುವ ಇತರ ಕಾರಣಗಳು

ಥೈರಾಯ್ಡ್ ಹೆಚ್ಚಾದರೆ ಏರಿನಂತೆ, ಕಡಿಮೆಯಾದರೆ ಇಳಿತದಂತೆ ಕಾಣುತ್ತದೆ; ಥೈರಾಯ್ಡ್ ಅಳೆಯುವ ಟಿಎಸ್‌ಎಚ್ ರಕ್ತಪರೀಕ್ಷೆ ಮಾಡಿಸಲೇಬೇಕು. ಆಸ್ತಮಾ, ಕೀಲುರೋಗಗಳಿಗೆ ಕೊಡುವ ಪ್ರೆಡ್ನಿಸೊಲೋನ್‌ನಂಥ ಸ್ಟೀರಾಯ್ಡ್‌ಗಳು ಡೋಸ್ ಹೆಚ್ಚಿದಂತೆ ಮೇನಿಯಾ ತರಿಸಬಲ್ಲವು. ಗಾಂಜಾ, ಉತ್ತೇಜಕ ಮಾದಕಗಳು, ಮದ್ಯ ಇವುಗಳನ್ನು ವೈದ್ಯರಿಂದ ಮುಚ್ಚಿಡಬೇಡಿ. ಎಡಿಎಚ್‌ಡಿ, ಅಂದರೆ ಗಮನದ ಕೊರತೆ ಮತ್ತು ಅತಿ ಚಟುವಟಿಕೆಯ ತೊಂದರೆಯಲ್ಲೂ ಚಂಚಲತೆ, ಮಾತು ಹೆಚ್ಚು. ಆದರೆ ಅದು 12 ವರ್ಷದೊಳಗೇ ಶುರುವಾಗಿ ಸದಾ ಇರುತ್ತದೆ, ಬಂದು ಹೋಗುವುದಿಲ್ಲ. ಬಾರ್ಡರ್‌ಲೈನ್ ವ್ಯಕ್ತಿತ್ವದ ತೊಂದರೆಯಲ್ಲಿ ಮೂಡ್ ಗಂಟೆಗಳಲ್ಲಿ ಬದಲಾಗುತ್ತದೆ, ಹೆಚ್ಚಾಗಿ ಸಂಬಂಧದ ಪೆಟ್ಟಿನ ಬೆನ್ನಿಗೆ. ಎರಡು ತೊಂದರೆ ಒಬ್ಬರಲ್ಲೇ ಇರುವುದೂ ಅಪರೂಪವಲ್ಲ. ಮೊದಲ ಏರು 50 ದಾಟಿದ ಮೇಲೆ ಬಂದರೆ ಮಿದುಳು, ಔಷಧ, ದೇಹದ ಕಾರಣಗಳನ್ನು ಮೊದಲು ನೋಡಬೇಕು.

ಹಂತ 9: ಹೇಳುವುದು ಹೇಗೆ

ಏರಿನಲ್ಲಿರುವವರಿಗೆ 'ನಿನಗೆ ಹುಷಾರಿಲ್ಲ' ಎಂದರೆ ಜಗಳ ಖಾತ್ರಿ. ಹೆಸರಿಡಬೇಡಿ, ಕಂಡದ್ದನ್ನು ಹೇಳಿ: 'ಮೂರು ರಾತ್ರಿಯಿಂದ ನಾಲ್ಕೇ ಗಂಟೆ ಮಲಗಿದ್ದೀಯ, ನನಗೆ ಗಾಬರಿಯಾಗ್ತಿದೆ. ಡಾಕ್ಟರ್‌ಗೆ ಒಂದು ಫೋನ್ ಮಾಡೋಣ.' ವಾದಕ್ಕಿಳಿಯಬೇಡಿ, ಭ್ರಮೆಯನ್ನು ತರ್ಕದಿಂದ ಗೆಲ್ಲಲಾಗದು, ಹೂಂಗುಟ್ಟುವುದೂ ಬೇಡ. ಇನ್ನೊಂದು ತುದಿಗೂ ಹೋಗಬೇಡಿ: ಒಮ್ಮೆ ಜೋರಾಗಿ ನಕ್ಕ ಕೂಡಲೇ 'ಮಾತ್ರೆ ತಗೊಂಡ್ಯಾ?' ಎಂದು ಕೇಳುವ ಮನೆಯಲ್ಲಿ ಲಕ್ಷಣಗಳನ್ನು ಬಚ್ಚಿಡುವುದನ್ನು ರೋಗಿ ಬೇಗ ಕಲಿಯುತ್ತಾರೆ.

ಒಪ್ಪಂದವನ್ನು ಆರೋಗ್ಯದ ದಿನಗಳಲ್ಲೇ ಮಾಡಿ, ರೋಗಿಯ ಮಾತಿನಲ್ಲೇ ಬರೆಸಿ. ಯಾವ ಮೂರು ಲಕ್ಷಣ ಕಂಡರೆ ಯಾರು ಹೇಳಬೇಕು, ವೈದ್ಯರಿಗೆ ಯಾರು ಫೋನ್ ಮಾಡಬೇಕು, ಬ್ಯಾಂಕ್ ಕಾರ್ಡ್ ಮತ್ತು ಗಾಡಿಯ ಕೀ ಯಾರ ಕೈಗೆ, ದೊಡ್ಡ ಖರ್ಚಿಗೆ ಮುಂಚೆ ಎಷ್ಟು ದಿನ ಕಾಯಬೇಕು ಎಂಬುದೆಲ್ಲ ಅದರಲ್ಲಿರಲಿ.

ಕಾಯಬಾರದ ಸಂದರ್ಭಗಳು

ಸಾಯುವ ಮಾತು ಅಥವಾ ಸಿದ್ಧತೆ, ರಾತ್ರಿಗಟ್ಟಲೆ ನಿದ್ದೆಯೇ ಇಲ್ಲದಿರುವುದು, ಭ್ರಮೆ, ಇಲ್ಲದ ದನಿ, ಹೊಡೆಯಲು ಹೋಗುವುದು, ಊಟ ನೀರು ಬಿಡುವುದು: ಅದೇ ದಿನ ತುರ್ತು ಚಿಕಿತ್ಸೆ. ಹೆರಿಗೆಯಾದ ಮೊದಲ ಎರಡು ವಾರದಲ್ಲಿ ಬಾಣಂತಿಗೆ ನಿದ್ದೆ ಹಾರಿಹೋಗಿ ಗೊಂದಲ, ಅನುಮಾನ, ವಿಚಿತ್ರ ನಂಬಿಕೆ ಕಂಡರೆ ಗಂಟೆಗಳ ಲೆಕ್ಕದಲ್ಲಿ ಓಡಬೇಕು. ತಾಯಿ ಮಗು ಇಬ್ಬರಿಗೂ ಅಪಾಯ. 'ಸಾಯಬೇಕು ಅನ್ನಿಸ್ತಿದೆಯಾ?' ಎಂದು ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. 'ಹೌದು' ಎಂದರೆ ಒಬ್ಬರನ್ನೇ ಬಿಡಬೇಡಿ; ಮಾತ್ರೆ, ಕೀಟನಾಶಕ, ಹರಿತವಾದ ವಸ್ತುಗಳನ್ನು ದೂರ ಮಾಡಿ, ತುರ್ತು ಸಹಾಯವಾಣಿಗೆ ಕರೆ ಮಾಡಿ.

ಹಂತ 10: ವೈದ್ಯರ ಮುಂದೆ

ಚಾರ್ಟ್, ಹಳೆಯ ವರ್ಷಗಳ ಗೆರೆ, ಈಗ ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿ, ಕುಟುಂಬದ ಇತಿಹಾಸ ಒಯ್ಯಿರಿ. ರೋಗಿಯ ಒಪ್ಪಿಗೆ ಪಡೆದು ಜೊತೆಗಿರುವವರೊಬ್ಬರು ಹೋಗುವುದು ಒಳ್ಳೆಯದು. ಏರಿನ ವರದಿ ಸರಿಯಾಗಿ ಸಿಗುವುದು ಅವರಿಂದಲೇ. ಮೊದಲ ಐದು ನಿಮಿಷದಲ್ಲೇ ಏರಿನ ದಿನಗಳ ಬಗ್ಗೆ ಹೇಳಿಬಿಡಿ.

ಮಾತ್ರೆಯನ್ನು ಸ್ವಂತ ಬುದ್ಧಿಯಿಂದ ನಿಲ್ಲಿಸಬೇಡಿ. ಮೂಡ್ ಹತೋಟಿಯಲ್ಲಿಡುವ ಔಷಧ ಲಿಥಿಯಂ ಹಠಾತ್ತನೆ ಬಿಟ್ಟರೆ ಏರು ಮರಳುವ ಅಪಾಯ ದೊಡ್ಡದು. ಲಿಥಿಯಂ ತೆಗೆದುಕೊಳ್ಳುವವರ ಮನೆಯವರಿಗೆ ಇನ್ನೊಂದು ಮಾತು. ಕೈ ಜೋರಾಗಿ ನಡುಗುವುದು, ಮಾತು ತೊದಲುವುದು, ತೂರಾಡುವುದು, ವಾಂತಿ ಭೇದಿ, ಮಂಪರು ಕಂಡರೆ ಖಿನ್ನತೆ ಮರಳಿತು ಎಂದು ಕೂರಬೇಡಿ. ರಕ್ತದಲ್ಲಿ ಲಿಥಿಯಂ ಮಿತಿಮೀರಿರಬಹುದು. ಭೇದಿಯಾಗಿ ನೀರಿನಂಶ ಇಳಿದಾಗ, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆ ನುಂಗಿದಾಗ ಹೀಗಾಗುತ್ತದೆ. ಕೂಡಲೇ ಆಸ್ಪತ್ರೆಗೆ ಹೋಗಿ ರಕ್ತಪರೀಕ್ಷೆ ಮಾಡಿಸಬೇಕು.

ಏರೋ ಇಳಿತವೋ ಹತೋಟಿಗೆ ಬಂದ ಎರಡು ವಾರದೊಳಗೆ ರೋಗಿಯೂ ಮನೆಯವರೂ ಕೂತು ಚಾರ್ಟ್ ಹಿಂದಕ್ಕೆ ತಿರುವಿಹಾಕಿ. ಈ ಸಲ ಮೊದಲು ಬದಲಾದದ್ದು ಯಾವುದು, ಯಾವ ದಿನ? ಅದು ಒಪ್ಪಂದದ ಮೂರು ಲಕ್ಷಣಗಳಲ್ಲಿ ಇಲ್ಲದಿದ್ದರೆ ಅವತ್ತೇ ಸೇರಿಸಿ, ತಿದ್ದಿದ ಪ್ರತಿಯೊಂದನ್ನು ವೈದ್ಯರ ಫೈಲಿಗೂ ಕೊಡಿ.